ಈ ಬಿಸುವಿಗೆ ಸ್ವಲ್ಪ ಕಡಿಮೆ ಸಾಮಾನು

ನಮಸ್ಕಾರ. ಗಲ್ಫಿನಲ್ಲಿರುವ ಕಾಸರಗೋಡು ಕಡೆಯ ಕನ್ನಡಿಗರ ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆ ನಾಳೆ ಬೆಳಿಗ್ಗೆಯೊಳಗೆ ನಿಮ್ಮ ಮೊಬೈಲಿಗೆ ಬರಬೇಕು. ಬಿಸುವಿನ, ಅಂದರೆ ನಮ್ಮ ಕಡೆಯ ಸೌರ ಯುಗಾದಿಯ ಸಂಚಿಕೆ ಅಂತ ನಾಲ್ಕೈದು ಜನರಲ್ಲಿ ಬರಹ ಕೇಳಿದ್ದೆ, ಕೈಗೆ ಬಂದದ್ದು ಒಂದೇ. ಬೇಜಾರು ಖಂಡಿತ ಇಲ್ಲ. ಎಲ್ಲರಿಗೂ ಡ್ಯೂಟಿ ಉಂಟು, ಮಕ್ಕಳ ಶಾಲೆ ಉಂಟು. ಹಾಗಾಗಿ ಖಾಲಿ ಉಳಿದ ಪುಟವನ್ನೂ ಸೇರಿಸಿ ಈ ಸಲ ನಾನೇ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಬರೆಯಬೇಕಾದ ವಿಷಯವೂ ಒಂದು ಮನಸ್ಸಿನಲ್ಲಿ ಕೂತಿದೆ.

ಕುಂಬಳೆ ಕಡೆಯ ನಮ್ಮ ಒಂದು ಕುಟುಂಬ ಬಿಸುವಿನ ಮೊದಲೇ ಊರಿಗೆ ಹೋಗುತ್ತಿದೆ. ರಜೆಗಲ್ಲ, ಪೂರ್ತಿಯಾಗಿ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ನಮ್ಮ ಯಾವ ಕಾರ್ಯಕ್ರಮವೇ ಇರಲಿ, ಅಡುಗೆಯ ಹೊಣೆ ಹೊತ್ತು ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದವರು ಅವರು. ಯಾರೆಂದು ನಿಮಗೆಲ್ಲ ಗೊತ್ತಾಗುತ್ತದೆ.

ಅವರ ಸಾಮಾನು ಕಟ್ಟಲು ನಾವೊಂದಷ್ಟು ಜನ ಹೋಗಿದ್ದೆವು. ಶಾರ್ಜಾದ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಏನೇನು ಹಿಡಿಯುತ್ತದೆ ಎಂದು ಸಾಮಾನು ಹೊರಗೆ ತೆಗೆದಾಗಲೇ ಗೊತ್ತಾಗುವುದು. ಮಿಕ್ಸಿ ಎರಡು, ಒಂದರ ಡಬ್ಬ ಒಡೆದೇ ಇರಲಿಲ್ಲ. ಊರಿನ ಮನೆಗೆ ಎಂದು ತೆಗೆದಿಟ್ಟ ಡಿನ್ನರ್ ಸೆಟ್‌ಗಳು. ಯಾರದೋ ಮದುವೆಗೆ ಒಯ್ಯಲು ತಂದು ಒಯ್ಯಲಾಗದೆ ಉಳಿದ ದಪ್ಪ ಕಂಬಳಿಗಳು. ಸೂಟ್‌ಕೇಸಿನೊಳಗೆ ಸೂಟ್‌ಕೇಸು. ಆಫರ್ ಎಂದು ತಂದ ನಾನ್‌ಸ್ಟಿಕ್ ಪಾತ್ರೆಗಳು. ಕಾರ್ಗೋದವನು ಬಂದು ತೂಕ ಹಾಕುವಾಗ ಆ ಅಕ್ಕ ಗೋಡೆಗೆ ಒರಗಿ ಕೂತು ಹೇಳಿದರು, "ಇದಕ್ಕೆಲ್ಲ ಕೊಟ್ಟ ದುಡ್ಡು ಕೈಯಲ್ಲಿ ಇದ್ದಿದ್ದರೆ ನಾವು ಎರಡು ವರ್ಷ ಮೊದಲೇ ಹೋಗಬಹುದಿತ್ತು."

ಯಾರೂ ಮಾತಾಡಲಿಲ್ಲ. ನಮ್ಮೆಲ್ಲರ ಮನೆಯಲ್ಲೂ ಅಂಥ ಕಪಾಟು ಉಂಟು.

ಸಂಜೆ ಕಾರ್ಗೋ ಹೋದ ಮೇಲೆ ನನ್ನ ಮಗಳು ಆ ಖಾಲಿ ಹಾಲ್‌ನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಓಡುತ್ತಿದ್ದಳು. ಮನೆಗೆ ಬರುವಾಗ ಲಿಫ್ಟಿನಲ್ಲಿ ಕೇಳಿದಳು, "ಅಮ್ಮ, ಅವರ ಮನೆ ಎಷ್ಟು ದೊಡ್ಡ ಉಂಟು ಅಲ್ವಾ? ನಮ್ಮದು ಯಾಕೆ ಸಣ್ಣ?" ಎರಡೂ ಒಂದೇ ಅಳತೆಯ ಫ್ಲ್ಯಾಟುಗಳು. ಬಾಡಿಗೆಯೂ ಹೆಚ್ಚುಕಮ್ಮಿ ಒಂದೇ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದ್ದದ್ದರಲ್ಲಿ ಖುಷಿಯಾಗಿರಿ ಎಂದು ಉಪದೇಶ ಮಾಡುವುದು ನನಗೆ ಇಷ್ಟ ಇಲ್ಲ. ನಾವು ಇಲ್ಲಿಗೆ ಬಂದದ್ದೇ ಮುಂದೆ ಬರಬೇಕು ಎಂದು. ಅಪ್ಪನ ಸಾಲ, ತಂಗಿಯ ಮದುವೆ, ಹಳದಿ ರೋಗ ಹಿಡಿದ ತೋಟ, ಅಮ್ಮನ ಮದ್ದಿನ ಖರ್ಚು, ಅರ್ಧಕ್ಕೆ ನಿಂತ ಮನೆ. ಇದರಲ್ಲಿ ಒಂದಾದರೂ ಇಲ್ಲದವರು ನಮ್ಮ ಸಂಘದಲ್ಲಿ ಯಾರಿದ್ದಾರೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬೆಡ್‌ಸ್ಪೇಸಿನಲ್ಲಿ, ಅಂದರೆ ಕೋಣೆಯಲ್ಲಿ ಒಂದು ಹಾಸಿಗೆಯ ಜಾಗ ಮಾತ್ರ ಬಾಡಿಗೆಗೆ ಹಿಡಿದು ಇರುವ ನಮ್ಮ ಹುಡುಗರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಸಾಮಾನು ಕಡಿಮೆ ಇರುವುದು ಬೇಡ ಎಂದಲ್ಲ, ಜಾಗ ಇಲ್ಲ, ದುಡ್ಡಿಲ್ಲ. ಅದನ್ನು ಸರಳ ಜೀವನ ಎಂದು ಹೊಗಳುವುದು ಅನ್ಯಾಯ. ನಾನು ಹೇಳುತ್ತಿರುವುದು ಸಂಬಳ ಸ್ವಲ್ಪ ಏರಿದ ಮೇಲಿನ ಕಥೆ, ನನ್ನಂಥವರದ್ದು, ನಿಮ್ಮಂಥವರದ್ದು.

ನನಗೆ ನೆನಪಾಗುವುದು ನಮ್ಮ ಮನೆಯ ಒಂದು ಬಿಸು.

ಕಾಸರಗೋಡಿನ ಬಾಯಾರು ಎಂಬ ಊರಿನ ಹತ್ತಿರ ನಮ್ಮ ಮನೆ. ಗುಡ್ಡದ ಬುಡದಲ್ಲಿ ಸಣ್ಣ ಅಡಿಕೆ ತೋಟ. ನಾನು ಆಗ ಐದನೇ ಕ್ಲಾಸು. ಆ ವರ್ಷ ಮಳೆ ಎಡೆ ಬಿಡದೆ ಹೊಯ್ದಿತ್ತು. ಕೊಳೆರೋಗ ತಡೆಯಲು ಮೊದಲನೇ ಮದ್ದು ಬಿಟ್ಟಾಗಿತ್ತು, ಎರಡನೇ ಸಲ ಮೈಲುತುತ್ತು, ಸುಣ್ಣ ಕಲಸಿ ಬಿಡಲು ಒಂದು ಒಣ ದಿನ ಸಿಗಲಿಲ್ಲ. ಕೊಳೆರೋಗ ಬಂತು. ಬೆಳಿಗ್ಗೆ ತೋಟಕ್ಕೆ ಹೋದರೆ ಮರದ ಬುಡದಲ್ಲಿ ಎಳೆ ಅಡಿಕೆ ಬಿದ್ದುಕೊಂಡಿರುತ್ತಿತ್ತು, ಮೇಲೆ ಬಿಳಿ ಬೂಸ್ಟು. ಆ ವಾಸನೆ ಗೊತ್ತಿದ್ದವರಿಗೆ ಗೊತ್ತು. ಅಮ್ಮ ಹೆಡಿಗೆಯಲ್ಲಿ ಹೆಕ್ಕಿ ಹೆಕ್ಕಿ ಗುಂಡಿಗೆ ಹಾಕುತ್ತಿದ್ದಳು. ಅಟ್ಟದಲ್ಲಿ ಇಟ್ಟಿದ್ದ ಹಳೇ ಅಡಿಕೆ ಮಾರಿ ಆ ವರ್ಷದ ಹೊಟ್ಟೆ ತುಂಬಿತು.

ಅಷ್ಟು ಮಳೆ ಬಂದರೂ ಬೇಸಿಗೆಯಲ್ಲಿ ನೀರಿಲ್ಲ. ನಮ್ಮ ಕಡೆಯ ಗುಡ್ಡದ ಸ್ವಭಾವವೇ ಹಾಗೆ. ಬಾವಿ ತೋಡಿದರೆ ಆಳಕ್ಕೆ ಹೋದರೂ ಭರವಸೆ ಇಲ್ಲ, ಗುಡ್ಡವನ್ನೇ ಅಡ್ಡಕ್ಕೆ ಕೊರೆದು ಸುರಂಗ ತೆಗೆಯಬೇಕು. ನಮ್ಮ ಹಳೇ ಸುರಂಗದಲ್ಲಿ ಕುಂಭ ತಿಂಗಳಿಗೇ ನೀರು ಬೆರಳು ದಪ್ಪಕ್ಕೆ ಇಳಿಯುತ್ತಿತ್ತು. ಅದನ್ನು ಇನ್ನೂ ಒಳಕ್ಕೆ ತೆಗೆಸಬೇಕು ಎಂದು ಅಪ್ಪ ನಿಶ್ಚಯ ಮಾಡಿದರು. ದುಡ್ಡು? ಅಮ್ಮನ ಬಳೆ. ನಾಲ್ಕು ಪವನಿನ ಆ ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟರು.

ಸುರಂಗ ತೆಗೆಯುವವರು ಇಬ್ಬರು ಬಂದರು. ಉದ್ದ ಅಳೆಯುವ ಕೋಲಿಗೆ ಇಷ್ಟು ಎಂದು ಕೂಲಿ. ಒಬ್ಬರು ಒಳಗೆ ಪಿಕ್ಕಾಸಿನಲ್ಲಿ ಮುರಕಲ್ಲು ಕಡಿಯುವುದು, ಇನ್ನೊಬ್ಬರು ಮಣ್ಣನ್ನು ಹೆಡಿಗೆಗೆ ತುಂಬಿ ಹೊರಗೆ ಎಳೆಯುವುದು. ಒಬ್ಬ ಮನುಷ್ಯ ನಿಲ್ಲುವಷ್ಟು ಎತ್ತರ, ಭುಜ ಹಿಡಿಯುವಷ್ಟು ಅಗಲ, ಅಷ್ಟೇ. ಪಕ್ಕದಲ್ಲಿ ಒಂದು ದೀಪ. ದೀಪ ಸಣ್ಣದಾಗಿ ನಂದುವ ಹಾಗಾದರೆ ಒಳಗೆ ಗಾಳಿ ಸಾಲದು ಎಂದು ಹೊರಗೆ ಬರುತ್ತಿದ್ದರು. ನಾನು ಶಾಲೆಯಿಂದ ಬಂದು ಸುರಂಗದ ಬಾಯಲ್ಲಿ ಕೂತು ಆ ಪಿಕ್ಕಾಸಿನ ಶಬ್ದ ಕೇಳುತ್ತಿದ್ದೆ. ದಿನ ಹೋದ ಹಾಗೆ ಶಬ್ದ ದೂರ ಹೋಗುತ್ತಿತ್ತು. ಅಮ್ಮ ಇಬ್ಬರಿಗೂ ಗಂಜಿ ಬಡಿಸುವಾಗ ನಂಜಿಕೊಳ್ಳಲು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ.

ಅದೇ ವರ್ಷ ಪಕ್ಕದ ಮನೆಗೆ ಬಣ್ಣದ ಟಿವಿ ಬಂತು. ನಮಗೆ ಬಿಸುವಿಗೆ ಹೊಸ ಅಂಗಿಯೂ ಇಲ್ಲ. ನಾನು ಅತ್ತುಬಿಟ್ಟೆ. ಅಮ್ಮ ಸಮಾಧಾನವನ್ನೂ ಮಾಡಲಿಲ್ಲ, ಬೈಯಲೂ ಇಲ್ಲ.

ಬಿಸುವಿನ ದಿನ ಬೆಳಿಗ್ಗೆ ಕಣಿ ನೋಡಲು ಕಣ್ಣು ಮುಚ್ಚಿಸಿ ದೇವರ ಕೋಣೆಗೆ ಕರೆದುಕೊಂಡು ಹೋದಳು. ಹರಿವಾಣದಲ್ಲಿ ಬೆಳ್ತಿಗೆ ಅಕ್ಕಿ, ಮೇಲೆ ತೆಂಗಿನಕಾಯಿ, ಸೌತೆಕಾಯಿ, ಗುಜ್ಜೆ, ಗೇರುಹಣ್ಣು, ವೀಳ್ಯದೆಲೆ, ಹಣ್ಣಡಿಕೆ, ನಡುವೆ ಕನ್ನಡಿ. ಪ್ರತಿ ವರ್ಷ ಕನ್ನಡಿಯ ಎದುರು ಆ ಬಳೆಗಳು ಇರುತ್ತಿದ್ದವು. "ಅಮ್ಮ, ಚಿನ್ನ?" ಎಂದು ಕೇಳಿದೆ. ಅಮ್ಮ ಹೇಳಿದ್ದು ಇಷ್ಟೇ. "ಚಿನ್ನ ಸೊಸೈಟಿಯಲ್ಲಿ ಉಂಟು, ಬರುವಾಗ ಬರ್ತದೆ. ನೀನು ಸೌತೆ ನೋಡು, ಎಷ್ಟು ದೊಡ್ಡ ಆಗಿದೆ ಈ ಸಲ."

ಅವಳ ದನಿಯಲ್ಲಿ ದುಃಖ ಇರಲಿಲ್ಲ. ಚಿಂತೆ ಮಾತ್ರ ಇತ್ತು, ಅದನ್ನು ನಾನು ನೋಡಿದ್ದೇನೆ. ರಾತ್ರಿ ಮಲಗುವ ಮೊದಲು ಅಪ್ಪನ ಹತ್ತಿರ ಕೂತು ಬಡ್ಡಿಯ ಲೆಕ್ಕ ಕೇಳುತ್ತಿದ್ದಳು, ಯಾವ ತಿಂಗಳು ಎಷ್ಟು ಕಟ್ಟಬೇಕು ಎಂದು ಬಾಯಲ್ಲೇ ಹೇಳುತ್ತಿದ್ದಳು. ಆಸೆ ಇಲ್ಲದವಳು ಅಂತೂ ಅಲ್ಲ. ಹೊಲಿಗೆ ಮೆಷಿನ್ ಬೇಕು ಎಂದು ವರ್ಷಗಟ್ಟಲೆ ಹೇಳುತ್ತಿದ್ದಳು. ಮೆಷಿನ್ ಬಂತು, ಟಿವಿಗಿಂತ ಎಷ್ಟೋ ಮೊದಲು ಬಂತು, ಯಾಕೆಂದರೆ ಅದು ದುಡಿಯುತ್ತದೆ. ಊರಿನ ಹೆಂಗಸರ ರವಕೆ ಹೊಲಿದು ನಮ್ಮ ಶಾಲೆಯ ಖರ್ಚು ನೋಡಿಕೊಂಡಳು.

ಸುರಂಗದಲ್ಲಿ ಮೊದಲು ಒದ್ದೆ ಜೇಡಿ ಸಿಕ್ಕಿತು. ಆಮೇಲೆ ಕೆಲವು ಕೋಲು ಒಳಗೆ ಹೋದ ಮೇಲೆ ನೀರಿನ ಒರತೆ. ಸೊರಗಿದ ಹಳೇ ಅಡಿಕೆ ಮರವೊಂದನ್ನು ಸೀಳಿ ತಿರುಳು ತೆಗೆದು ದಂಬೆ ಮಾಡಿ ಕೆರೆಗೆ ನೀರು ಬಿಟ್ಟರು. ಸಾಲ ಒಂದೇ ವರ್ಷಕ್ಕೆ ತೀರಲಿಲ್ಲ. ಬಳೆ ಬಿಡಿಸಿ ತರುವಾಗ ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ. ಆದರೆ ಆ ನೀರು ಇವತ್ತಿಗೂ ಬರುತ್ತದೆ, ಅಪ್ಪ ಫೋನ್ ಮಾಡಿದಾಗಲೆಲ್ಲ ಅದರ ವರದಿ ಕೊಡುತ್ತಾರೆ.

ಈಗ ನಾವು ಮಾಡುವುದನ್ನು ನೋಡಿ. ರೂಪಾಯಿಯ ಬೆಲೆ ಬಿದ್ದರೆ ಇಲ್ಲಿ ಸಾಲ ಎತ್ತಿ ಊರಿಗೆ ಕಳಿಸುತ್ತೇವೆ. ಕಳಿಸಿದ್ದು ಎಲ್ಲಿಗೆ ಹೋಗುತ್ತದೆ? ಜಾಸ್ತಿ ಪಾಲು ಮನೆಗೆ. ಕುಂಬಳೆಯಿಂದ ಬದಿಯಡ್ಕಕ್ಕೆ ಬಸ್ಸಿನಲ್ಲಿ ಹೋಗುವಾಗ ಎರಡೂ ಬದಿ ಕಾಣುವ ದೊಡ್ಡ ಮನೆಗಳಲ್ಲಿ ಎಷ್ಟಕ್ಕೆ ಬೀಗ ಹಾಕಿದೆ, ಎಷ್ಟರಲ್ಲಿ ಮೇಲಿನ ಮಹಡಿಗೆ ಯಾರೂ ಹತ್ತುವುದಿಲ್ಲ, ಕೆಳಗೆ ಒಂದೇ ಕೋಣೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ನಿಮಗೇ ಗೊತ್ತು. 2011ರ ಜನಗಣತಿಯಲ್ಲಿ ಇಡೀ ಕೇರಳದ ಲೆಕ್ಕ ತೆಗೆದಾಗ ಹತ್ತರಲ್ಲಿ ಒಂದು ಮನೆ ಖಾಲಿ ಇತ್ತು. ಒಂದು ಕೋಣೆ ಕಡಿಮೆ ಕಟ್ಟಿದರೆ ಒಂದು ವರ್ಷ ಮೊದಲೇ ಊರಿಗೆ ಹೋಗಬಹುದು ಎಂದಾದರೆ ನಾನು ಆ ಕೋಣೆ ಬಿಡುತ್ತೇನೆ. ನಾವಿಬ್ಬರೂ ಮನೆಯಲ್ಲಿ ಕೂತು ಮಾತಾಡಿ ಹಾಗೆಯೇ ಮಾಡಿದ್ದೇವೆ. ಪ್ಲಾನಿನಿಂದ ಮೇಲಿನ ಮಹಡಿ ತೆಗೆಸಿದೆವು. ಊರಲ್ಲಿ ಕೆಲವರು "ಏನು, ಗಲ್ಫಿನವರಿಗೆ ಇಷ್ಟೇನಾ?" ಎಂದು ಕೇಳಿದರಂತೆ. ಕೇಳಲಿ. ಕಂತು ಕಟ್ಟುವುದು ನಾವು.

ಮಹಡಿ ಬಿಟ್ಟದ್ದರಿಂದ ಮನೆಯಲ್ಲಿ ಒಂದು ನಿರಾಳ ಬಂದಿದೆ, ನಿಜ ಹೇಳುತ್ತೇನೆ. ಸಾಲ ಇನ್ನೂ ಇದೆ, ಸಂಬಳ ಏರಿಲ್ಲ. ಆದರೆ ಶುಕ್ರವಾರ ಸಂಜೆ ಮಾಲ್‌ಗೆ ಹೋಗುವ ಬದಲು ಸುಮ್ನೆ ನೀರಿನ ದಂಡೆಯ ಕಾರ್ನಿಶ್‌ನಲ್ಲಿ ನಡೆದು ಬಂದರೆ ಏನೋ ಕಳೆದುಕೊಂಡ ಹಾಗೆ ಆಗುವುದಿಲ್ಲ ಈಗ.

ಸಾಮಾನು ಕಡಿಮೆ ಮಾಡಿ ಎಂದಷ್ಟೇ ಹೇಳಿದರೆ ಸಾಲದು, ಬರಬೇಕಾದದ್ದನ್ನು ಬಿಡಬೇಡಿ ಎಂದೂ ಹೇಳಬೇಕು. ಯುಎಇಯಲ್ಲಿ ಒಂದು ವರ್ಷ ಪೂರ್ತಿ ಕೆಲಸ ಮಾಡಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಉಂಟು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಲೆಕ್ಕ ಬೇಸಿಕ್ ಮೇಲೆ, ಕೈಗೆ ಬರುವ ಒಟ್ಟು ಸಂಬಳದ ಮೇಲೆ ಅಲ್ಲ. ಹಾಗಾಗಿ ಕೆಲಸಕ್ಕೆ ಸೇರುವಾಗಲೇ ಕಾಗದದಲ್ಲಿ ಬೇಸಿಕ್ ಎಷ್ಟು ಎಂದು ನೋಡಿಕೊಳ್ಳಿ. ನಮ್ಮ ಒಬ್ಬ ಸದಸ್ಯರಿಗೆ ಅವರ ಕಂಪನಿ ಸುಮ್ನೆ ಒಂದು ಮೊತ್ತ ಬರೆದು ಸೈನ್ ಹಾಕಿ ಎಂದಿತ್ತು, ಅವರು ಕೂತು ಲೆಕ್ಕ ತೋರಿಸಿದ ಮೇಲೆ ಸರಿ ಮಾಡಿದರು. ಇನ್ನೊಂದು ಕೇರಳದ ಪ್ರವಾಸಿ ಕ್ಷೇಮನಿಧಿ, ಅಂದರೆ ಹೊರಗೆ ದುಡಿಯುವವರ ಕ್ಷೇಮನಿಧಿ. 18ರಿಂದ 60 ವಯಸ್ಸಿನೊಳಗೆ ಸೇರಬೇಕು, ಕನಿಷ್ಠ ಐದು ವರ್ಷ ಕಂತು ಕಟ್ಟಿದವರಿಗೆ 60ರ ಮೇಲೆ ಪಿಂಚಣಿ. ಅದು ಮಲಯಾಳಿಗಳಿಗೆ, ನಮಗಲ್ಲ ಎಂದು ನಮ್ಮ ಎಷ್ಟೋ ಕನ್ನಡದವರು ಫಾರ್ಮ್ ನೋಡಿಯೇ ಬಿಟ್ಟಿದ್ದಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಾವು ಆ ರಾಜ್ಯದಲ್ಲಿ ಇದ್ದೇವೆ, ತೆರಿಗೆ ಕಟ್ಟುತ್ತೇವೆ, ನಮ್ಮ ಹಕ್ಕು ಅದು. ಮಲಯಾಳಂ ಓದಲು ಬಾರದವರು ಶನಿವಾರ ಕನ್ನಡ ಕ್ಲಾಸಿನ ಹೊತ್ತಿಗೆ ಬನ್ನಿ, ಜೊತೆಗೆ ಕೂತು ತುಂಬಿಸುವ.

ಈಗ ಗಡಿಬಿಡಿಯಲ್ಲಿ ಸೂಚನೆಗಳು. ಬಿಸು ಕೂಟ ಹಬ್ಬದ ನಂತರದ ಶನಿವಾರ, ಎಂದಿನ ಹಾಲ್, ಬೆಳಿಗ್ಗೆ ಕಣಿ, ಮಧ್ಯಾಹ್ನ ಎಲೆ ಊಟ. ಪ್ರತಿ ಮನೆಯವರು ಒಂದು ತರಕಾರಿ ಅಥವಾ ಹಣ್ಣು ತನ್ನಿ, ಕಣಿಗೆ ಅದೇ ಸಾಕು, ಬೆಳ್ಳಿ ಚಿನ್ನ ಹೊತ್ತುಕೊಂಡು ಬರಬೇಡಿ, ಕಾಯುವವರು ಇಲ್ಲ. ಊಟದ ಮೇಲೆ ತಾಳಮದ್ದಳೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯವರು ನಾವು, ವೇಷ ಬೇಡ, ರಂಗಸ್ಥಳ ಬೇಡ, ಭಾಗವತರು, ಚೆಂಡೆ, ಮದ್ದಳೆ, ನಾಲ್ಕು ಅರ್ಥಧಾರಿಗಳು ಸಾಕು. ಅರ್ಥ ಹೇಳಲು ಇನ್ನೂ ಒಬ್ಬರು ಬೇಕು. ಮಕ್ಕಳ ಕನ್ನಡ ಕ್ಲಾಸು ರಂಜಾನ್ ಬಿಡುವಿನ ಮೇಲೆ ಮತ್ತೆ ಶುರುವಾಗಿದೆ, ಎರಡನೇ ಗುಂಪಿಗೆ ಮೇಷ್ಟ್ರು ಇಲ್ಲ. ಚಂದಾ ಬಾಕಿ ಇದ್ದವರು ದಯವಿಟ್ಟು ಖಜಾಂಚಿಯವರನ್ನು ಕಾಣಿ. ಈ ತಿಂಗಳು ಕಷ್ಟ ಇದ್ದವರು ಅವರಿಗೆ ಒಂದು ಮಾತು ಹೇಳಿ ಸಾಕು, ಯಾರ ಹೆಸರೂ ಎಲ್ಲಿಯೂ ಬರುವುದಿಲ್ಲ.

ಈ ಸಲ ಕೂಟದಲ್ಲಿ ಹೊಸದೊಂದು ಉಂಟು. ಹಾಲ್‌ನ ಬಾಗಿಲ ಪಕ್ಕ ಎರಡು ಮೇಜು ಇಡುತ್ತೇವೆ. ಮನೆಯಲ್ಲಿ ಬಳಸದೆ ಬಿದ್ದ ಒಳ್ಳೇ ಸಾಮಾನು ತಂದಿಡಿ. ಕುಕ್ಕರ್, ಶಾಲೆ ಬ್ಯಾಗು, ಮಕ್ಕಳ ಸೈಕಲ್, ಇಸ್ತ್ರಿ ಪೆಟ್ಟಿಗೆ, ಕಂಬಳಿ, ಯಾವುದಾದರೂ. ಬೇಕಾದವರು ಕೇಳದೆ ತೆಗೆದುಕೊಂಡು ಹೋಗಬಹುದು, ಬೆಲೆ ಇಲ್ಲ, ಪಟ್ಟಿ ಇಲ್ಲ. ಹೊಸದಾಗಿ ಬಂದ ಹುಡುಗರು ಮೊದಲು ಬನ್ನಿ. ಊರಿಗೆ ಹೊರಟ ಆ ಅಕ್ಕ ಕಾರ್ಗೋಗೆ ಹಾಕದೆ ಉಳಿಸಿದ, ಡಬ್ಬ ಒಡೆಯದ ಮಿಕ್ಸಿಯನ್ನು ಇದಕ್ಕೆ ಕೊಟ್ಟಿದ್ದಾರೆ. ಉಳಿದದ್ದನ್ನು ಸಂಜೆ ಲೇಬರ್ ಕ್ಯಾಂಪಿಗೆ ಮುಟ್ಟಿಸಲು ಒಂದು ವ್ಯಾನು ಬೇಕು, ಇದ್ದವರು ಹೇಳಿ.

ಕೊನೆಗೆ, ಅಡುಗೆಯ ಹೊಣೆಗೆ ಈಗ ಯಾರೂ ಇಲ್ಲ. ಬಿಸುವಿಗೆ ಪಾಯಸ ಒಂದಾದರೂ ಯಾರಾದರೂ ಒಪ್ಪಿಕೊಳ್ಳಬೇಕು. ಪತ್ರಿಕೆಯ ಕೆಲಸಕ್ಕೂ ಒಬ್ಬರು ಬೇಕು. ಡ್ಯೂಟಿ ಮುಗಿಸಿ, ಮಗಳನ್ನು ಮಲಗಿಸಿ, ರಾತ್ರಿ ಕೂತು ಟೈಪ್ ಮಾಡುವುದು ಒಬ್ಬಳಿಂದ ಇನ್ನು ಕಷ್ಟ ಆಗುತ್ತಿದೆ. ಕನ್ನಡ ಟೈಪಿಂಗ್ ಬಂದರೆ ಸಾಕು, ಉಳಿದದ್ದು ನಾನು ಹೇಳಿಕೊಡುತ್ತೇನೆ. ಗುರುವಾರದೊಳಗೆ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ.