ಕ್ಯಾಮೆರಾ ಹಿಡಿದು ಬಂಗಾಳಕ್ಕೆ ಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟೀ,

ಹೊಸ ಕ್ಯಾಮೆರಾ ತಗೊಂಡು ಟಾಗೋರರ ಶಾಂತಿನಿಕೇತನ, ಹಳೇ ಗುಡಿಗಳ ಬಿಷ್ಣುಪುರ ಸುತ್ತಲು ಹೊರಟಿದ್ದೀಯ ಅಂತ ನಿನ್ನ ಅಮ್ಮ ಹೇಳಿದಳು. ಖುಷಿಯಾಯಿತು. ಒಂಚೂರು ಹೆದರಿಕೆಯೂ ಆಯಿತು, ಯಾಕೆಂದರೆ ನಾನೂ ಒಮ್ಮೆ ಹಾಗೇ ಹೋದವಳು. ಆಗ 36 ಫೋಟೊದ ರೀಲು. ಶಾಂತಿನಿಕೇತನದಲ್ಲಿರುವ, ಶಿಲ್ಪಿ ರಾಮ್‌ಕಿಂಕರ್ ಬೈಜ್ ಅವರ ‘ಸಂತಾಲ್ ಕುಟುಂಬ’ ಶಿಲ್ಪದ (ಸಂತಾಲರು ಅಂದರೆ ಅಲ್ಲಿನ ಬುಡಕಟ್ಟು ಜನ) ಸುತ್ತ ತಿರುಗಿ ತಿರುಗಿ ಕ್ಲಿಕ್ಕಿಸಿದ್ದೇ ಕ್ಲಿಕ್ಕಿಸಿದ್ದು. ಊರಿಗೆ ಬಂದು ತೊಳೆಸಿದರೆ ಎಲ್ಲ ಖಾಲಿ, ರೀಲು ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಸಿಕ್ಕಿಯೇ ಇರಲಿಲ್ಲ. ತಪ್ಪು ನನ್ನದೇ. ಹೋಗಲಿ, ಆ ಶಿಲ್ಪದಲ್ಲಿರುವ ನಾಯಿ ಯಾವ ಕಡೆ ನಿಂತಿತ್ತು ಅಂತ ನೆನಪು ಮಾಡಿಕೊಂಡರೆ ತಲೆಯೂ ಖಾಲಿ! ಡ್ರಾಯಿಂಗ್ ಟೀಚರ್ ನಾನು, ಅರ್ಧ ದಿನ ಅಲ್ಲೇ ಇದ್ದವಳು.

ಅದಕ್ಕೇ ಹೇಳುವುದು, ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ.

ಆ ಶಿಲ್ಪದ ಮೈ ನೋಡು. 1938ರದು. ಕಂಚಲ್ಲ, ಅಮೃತಶಿಲೆಯಲ್ಲ, ಸಿಮೆಂಟಿಗೆ ಮುರಕಲ್ಲಿನ ಜಲ್ಲಿ ಬೆರೆಸಿ ಮಾಡಿದ್ದು. ನಮ್ಮ ಮನೆ ಕಾಂಪೌಂಡಿನ ಅದೇ ಮುರಕಲ್ಲು ಮಾರಾಯ್ತಿ! ಕಾವಡಿ ಹೊತ್ತ ಗಂಡಸು, ಬುಟ್ಟಿಯಲ್ಲಿ ಮಗು, ಪಕ್ಕದಲ್ಲಿ ಹೆಂಗಸು, ಜೊತೆಗೆ ನಾಯಿ. ದೇವರಲ್ಲ, ರಾಜನಲ್ಲ, ಇದ್ದದ್ದನ್ನೆಲ್ಲ ಹೊತ್ತು ಹೊರಟ ಸಂಸಾರ. ಆ ಬದುಕಿನಷ್ಟೇ ಒರಟು ಅದರ ಮೈ, ದೂರದಿಂದ ತೆಗೆದ ಫೋಟೊದಲ್ಲಿ ಅದು ಕಾಣುವುದೇ ಇಲ್ಲ.

ಅಲ್ಲೇ ಶಾಂತಿನಿಕೇತನದ ಹಿಂದಿ ಭವನದೊಳಗೆ ಬಿಡುತ್ತಾರಾ ಅಂತ ವಿಚಾರಿಸು. ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ 1947ರ ಸುಮಾರಿಗೆ ಮೂರು ಗೋಡೆಗಳ ಮೇಲೆ ಕಬೀರ, ಸೂರದಾಸರಂಥ ಸಂತರ ಚಿತ್ರ ಬರೆದಿದ್ದಾರೆ. ಅವರಿಗೆ ಹುಟ್ಟಿನಿಂದಲೇ ಒಂದು ಕಣ್ಣು ಕಾಣುತ್ತಿರಲಿಲ್ಲ, ಇನ್ನೊಂದು ಬಹಳ ಮಂದ. ಗೋಡೆಗೆ ಮೂಗು ತಾಗುವಷ್ಟು ಹತ್ತಿರದಲ್ಲೇ ಬರೆದಿರಬೇಕು ಅಂತ ನನಗನಿಸುತ್ತದೆ. 1957ರಲ್ಲಿ ಆಪರೇಷನ್ ಆದ ಮೇಲೆ ಪೂರ್ತಿ ಕುರುಡಾದರು. ಆಮೇಲೂ ಕಾಗದ ಕತ್ತರಿಸಿ ಚಿತ್ರ ಮಾಡಿದರು. ಎರಡು ಕಣ್ಣೂ ಚೆನ್ನಾಗಿರುವ ನಾವು ಸೆಲ್ಫಿ ತೆಗೆದು ಹೊರಬರುತ್ತೇವೆ, ಅಲ್ವಾ?

2023ರಲ್ಲಿ ಶಾಂತಿನಿಕೇತನ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆದರೂ ಅದು ಮಕ್ಕಳು ಓದುವ ಜಾಗ. ಕಾವಲಿನವರು ಫೋಟೊ ಬೇಡ ಅಂದರೆ ಬೇಡ, ಸುಮ್ನೆ ವಾದಕ್ಕೆ ನಿಲ್ಲಬೇಡ. ಅಲ್ಲಿ ವಾರದ ರಜೆ ಬುಧವಾರ, ನೆನಪಿರಲಿ.

ಬಿಷ್ಣುಪುರಕ್ಕೆ ಬಿಸಿಲು ಏರುವ ಮೊದಲೇ ಹೋಗು. ಅಲ್ಲೂ ಸಿಗುವ ಕಲ್ಲು ಮುರಕಲ್ಲೇ, ಅದರಲ್ಲಿ ನಮ್ಮ ಹಳೇಬೀಡಿನಂಥ ಸಣ್ಣ ಕೆತ್ತನೆ ನಿಲ್ಲುವುದಿಲ್ಲ. ಹಾಗಾಗಿ ಮಣ್ಣಿನ ಹಲಗೆಗಳಲ್ಲಿ ಕಥೆ ಮೂಡಿಸಿ, ಸುಟ್ಟು, ಗೋಡೆಗೆ ಕೂರಿಸಿದರು. 1655ರ ಜೋಡ್ ಬಾಂಗ್ಲಾ ಗುಡಿಯ ಮಾಡು ನೋಡು, ಎರಡು ಹುಲ್ಲಿನ ಗುಡಿಸಲು ಅಂಟಿ ಕೂತ ಹಾಗೆ, ಆದರೆ ಇಟ್ಟಿಗೆಯದು. ಮೈತುಂಬ ದೋಣಿ, ಬೇಟೆ, ರಾಮಾಯಣ. ಓರೆ ಬಿಸಿಲು ಬಿದ್ದರೆ ಒಂದೊಂದು ಬೆರಳೂ ಎದ್ದು ಕಾಣುತ್ತದೆ, ಮಧ್ಯಾಹ್ನ ಹೋದರೆ ಬರೀ ಕೆಂಪು ಗೋಡೆ. ಸ್ಟ್ಯಾಂಡ್ ಇಟ್ಟು ತೆಗೆಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಪಿಂಗ್ಲಾ ಕಡೆಯ ನಯಾ ಊರಿಗೂ ಹೋಗುವೆಯಾದರೆ, ಪಟ, ಅಂದರೆ ಸುರುಳಿ ಚಿತ್ರ, ಬಿಚ್ಚಿ ಹಾಡುತ್ತಾ ಬೆರಳಿಟ್ಟು ತೋರಿಸುವ ಚಿತ್ರಕಾರರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡ. ಹಾಡು ಮುಗಿಯಲಿ. ಆಮೇಲೆ ಕೇಳು, ಒಂದು ಸಣ್ಣ ಪಟವನ್ನಾದರೂ ಕೊಂಡುಕೋ, ಚೌಕಾಸಿ ಜಾಸ್ತಿ ಮಾಡಬೇಡ. ದುಡ್ಡು ಸಾಲದಿದ್ದರೆ ನಾನು ಕೊಡುತ್ತೇನೆ.

ಶಾಂತಿನಿಕೇತನದ ಪಕ್ಕದ ಬೋಲ್ಪುರದಿಂದ ಸಂಜೆ ಫೋನ್ ಮಾಡು. ನಾಯಿ ಯಾವ ಕಡೆ ನಿಂತಿದೆ ಅಂತ ಕೇಳುತ್ತೇನೆ, ಫೋಟೊ ನೋಡದೇ ಹೇಳಬೇಕು.

ನಿನ್ನ ದೊಡ್ಡಮ್ಮ