ಆಷಾಢದಲ್ಲಿ ಕೈಹಿಡಿದವರಿಗೆ

ಹಾಸನದ ಬಸ್ ನಿಲ್ದಾಣ, ರೈಲು ನಿಲ್ದಾಣ, ಕಟ್ಟಿನಕೆರೆ ಮಾರುಕಟ್ಟೆಯ ಸುತ್ತ ರಾತ್ರಿ ಕಳೆಯುವವರಿಗೆ ಈ ಮಳೆಗಾಲದಲ್ಲಿ ಊಟ, ಹೊದಿಕೆ ತಪ್ಪದಂತೆ ನೋಡಿಕೊಂಡ ಎಲ್ಲರಿಗೂ ನಮ್ಮ ಬಳಗದ ನಮಸ್ಕಾರ.

ಆಷಾಢದಲ್ಲಿ ಕೊಟ್ಟವರನ್ನು ಮೊದಲು ನೆನೆಯಬೇಕು. ಸಕಲೇಶಪುರ, ಆಲೂರು ಕಡೆ ಮಳೆ ಹಿಡಿದುಕೊಂಡರೆ ತೋಟದ ಕೆಲಸ ನಿಲ್ಲುತ್ತದೆ. ಊರೊಳಗೆ ಗಾರೆ ಕೆಲಸವೂ ಸಿಗುವುದಿಲ್ಲ. ದಿನಗೂಲಿ ನಂಬಿದವರು ಊಟದ ಸಾಲಿಗೆ ಬರುವುದು ಆಗಲೇ. ಆದರೆ ಆ ತಿಂಗಳು ಮದುವೆ, ಗೃಹಪ್ರವೇಶ ಇಲ್ಲದ್ದರಿಂದ ಕಲ್ಯಾಣ ಮಂಟಪಗಳಿಂದ ಬರುವ ಊಟವೂ ನಿಂತುಹೋಗುತ್ತದೆ. ಅಷ್ಟೂ ಅಡುಗೆ ನಾವೇ ಮಾಡಬೇಕು.

ನೂರು ಜನರ ಅನ್ನ ಸಾಂಬಾರಿಗೆ 10ರಿಂದ 12 ಕೆ.ಜಿ. ಅಕ್ಕಿ, 3 ಕೆ.ಜಿ. ತೊಗರಿಬೇಳೆ, 6-7 ಕೆ.ಜಿ. ತರಕಾರಿ ಬೇಕು. ಅಕ್ಕಿ ಕೊಡುವವರಿಗೆ ನಮ್ಮೂರಲ್ಲಿ ಬರವಿಲ್ಲ. ಕೈ ಕಟ್ಟಿಹಾಕುವುದು ಗ್ಯಾಸ್, ಎಣ್ಣೆ, ಆಟೋ ಬಾಡಿಗೆ. ಅದನ್ನು ಅರಿತು ಸಿಲಿಂಡರ್ ತುಂಬಿಸಿಕೊಟ್ಟವರು, ಮಳೆಯಲ್ಲೂ ಬಾಡಿಗೆ ಕೇಳದೆ ಪಾತ್ರೆ ಸಾಗಿಸಿದ ಆಟೋ ಅಣ್ಣಂದಿರು, ಸಂಜೆ ಮಿಕ್ಕ ಕುಂಬಳ, ಹುರುಳಿಕಾಯಿಯನ್ನು ಬಾಡುವ ಮೊದಲೇ ಕಳಿಸಿದ ತರಕಾರಿ ವ್ಯಾಪಾರಿಗಳು ಈ ಕೆಲಸದ ಬೆನ್ನೆಲುಬು.

ಶ್ರಾವಣ ಬಂದ ಮೇಲೆ ಮಂಟಪಗಳಿಂದ ಮತ್ತೆ ಊಟ ಬರತೊಡಗಿತು. ಕೊನೆಯ ಪಂಕ್ತಿ ಏಳುವ ತನಕ ಕಾಯದೆ, ಎಲೆಗೆ ಬಡಿಸದ ಅನ್ನ ಸಾಂಬಾರನ್ನು ಬೇರೆ ಪಾತ್ರೆಗೆ ತೆಗೆದಿಟ್ಟು ಫೋನ್ ಮಾಡಿದ ಅಡುಗೆ ಭಟ್ಟರಿಗೆ ವಿಶೇಷ ಧನ್ಯವಾದ. ಬೆಂದ ಅನ್ನ ಎರಡು ಗಂಟೆಗಿಂತ ಹೆಚ್ಚು ಹೊತ್ತು ಉಗುರುಬೆಚ್ಚಗೆ ಕೂತರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಂತಿ ಗ್ಯಾರಂಟಿ ಎಂದೇ ಎಣಿಸಿ ನಾವು ಅಂಥ ಅನ್ನವನ್ನು ಮುಟ್ಟುವುದಿಲ್ಲ. ತೆಂಗಿನಕಾಯಿ ಹಾಕಿದ ಪಲ್ಯ, ಚಟ್ನಿ, ಕೋಸಂಬರಿ, ಮಜ್ಜಿಗೆಹುಳಿ ಬೇಗ ಹಳಸುವುದರಿಂದ ಅವನ್ನೂ ಒಯ್ಯುವುದಿಲ್ಲ. "ಇಷ್ಟು ಚೆನ್ನಾಗಿರೋದನ್ನ ಬಿಟ್ಟು ಹೋಗ್ತೀರಲ್ಲ" ಎಂದು ಬೇಸರಪಟ್ಟವರಿಗೆ ಕಾರಣ ಇದೇ. ಬಿಸಿ ಅನ್ನವನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿದರೆ ಒಳಗೇ ಬೆವರಿ ಬೇಗ ಕೆಡುತ್ತದೆ. ಪೊಟ್ಟಣದ ಬದಲು ಮುಚ್ಚಳದ ಸ್ಟೀಲ್ ಡಬರಿಯಲ್ಲಿ ಒಯ್ದು ಅಲ್ಲೇ ಬಡಿಸುವುದು ಅದಕ್ಕೇ.

ಜಿಲ್ಲಾಸ್ಪತ್ರೆಯ ನರ್ಸ್ ಅಕ್ಕಂದಿರ ಋಣವೂ ದೊಡ್ಡದು. ದಿನಗಟ್ಟಲೆ ಉಪವಾಸವಿದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸಬಾರದು. ರಕ್ತದಲ್ಲಿನ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯವಾಗಬಹುದು. ಕೈಕಾಲು ಸೋತು, ಮಾತು ತೊದಲುವಂಥವರು ಕಂಡರೆ ಊಟಕ್ಕೆ ಮುಂಚೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅಂಥವರನ್ನು ಎಷ್ಟೇ ಹೊತ್ತಿನಲ್ಲಿ ಕರೆತಂದರೂ ಮುಖ ಸಿಂಡರಿಸದೆ ನೋಡಿಕೊಂಡಿರಿ. ಹಲ್ಲಿಲ್ಲದ ಅಜ್ಜಿ ತಾತಂದಿರಿಗೆ ಚಪಾತಿ ಬೇಡ, ಮೆತ್ತಗಿನ ಅನ್ನ ಕೊಡಿ ಎಂದು ಹೇಳಿಕೊಟ್ಟವರೂ ನೀವೇ.

ಹೊದಿಕೆಯ ಮಾತು. ಚಳಿ ಮೇಲಿನಿಂದ ಬರುವುದಕ್ಕಿಂತ ತಣ್ಣಗಿನ ನೆಲದಿಂದ ಹೆಚ್ಚು ಏರುತ್ತದೆ. ಕೆಳಗೆ ಟಾರ್ಪಾಲು, ಅದರ ಮೇಲೆ ರಟ್ಟು ಅಥವಾ ಗೋಣಿ, ಆಮೇಲೆ ಕಂಬಳಿ ಇದ್ದರೆ ಒಂದೇ ಹೊದಿಕೆ ಸಾಕು. ಜಮಖಾನ ನೀರು ಕುಡಿದರೆ ಎರಡು ದಿನ ಒಣಗುವುದಿಲ್ಲ. ಟಾರ್ಪಾಲನ್ನು ಆರಡಿ ಉದ್ದಕ್ಕೆ ಕತ್ತರಿಸಿ, ಅಂಚು ಹೊಲಿದುಕೊಟ್ಟ ಟೈಲರ್ ಅಕ್ಕಂದಿರಿಗೆ ನಾವು ಚಿರಋಣಿ.

ಮಿಕ್ಕ ಕಂಬಳಿಗಳನ್ನು ಒಗೆದು, ಒಣಗಿಸಿ ಕಟ್ಟಿಟ್ಟಿದ್ದೇವೆ. ಧನುರ್ಮಾಸದ ಚಳಿಗೆ ಅವು ಬೇಕು. ಹಳೆಯ ಸೀರೆ, ಪ್ಯಾಂಟು ಸದ್ಯಕ್ಕೆ ಸಾಕಷ್ಟಿವೆ. ಸಾಲದೇ ಇರುವುದು ಗಂಡಸರ ಸ್ವೆಟರ್, ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್. ಹಣ ಕೊಡುವವರು ಒಂದೇ ಸಲ ಹೆಚ್ಚು ಕೊಡುವ ಬದಲು ತಿಂಗಳಿಗೆ ನೂರೋ ಇನ್ನೂರೋ ಕೊಟ್ಟರೆ ಮುಂದಿನ ಆಷಾಢಕ್ಕೆ ಲೆಕ್ಕ ಹಾಕಿಕೊಳ್ಳಲು ನಮಗೆ ಅನುಕೂಲ. ಯಾವ ಸಂಸ್ಥೆಗೆ ಕೊಟ್ಟರೂ ರಸೀದಿ ಕೇಳಿ ಪಡೆಯಿರಿ. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಹಾಗಾಗಿ ಚೆಕ್ ಅಥವಾ ಯುಪಿಐ ಮೂಲಕವೇ ಕಳಿಸಿ.