ಟೇಕಡಿ ಬಿಸಿಲು ಮತ್ತ ನೀ ಬರದ ಆ ಒಂದು ಸಾಲು

ಚಿ. ಪುಟ್ಟಿಗೆ ಕಾಕಾನ ಆಶೀರ್ವಾದ,

ನಿನ್ನ ಮೇಲ್ ರಾತ್ರಿ ಒಮ್ಮೆ ಓದಿದೆ, ಬೆಳಿಗ್ಗೆ ಚಹಾ ಕುಡಿಯೋ ಮುಂದ ಮತ್ತೊಮ್ಮೆ, ಈಗ ಊಟ ಆದಮ್ಯಾಲ ಮೂರನೇ ಸಲ ಓದಿ ಟೈಪ್ ಮಾಡ್ಲಿಕ್ಕೆ ಕೂತೀನಿ. ಬಟ್ಟು ಸರಿ ಅಕ್ಷರದ ಮ್ಯಾಲ ಬೀಳೂದಿಲ್ಲ, ತಪ್ಪಿದ್ರ ಸಂಭಾಳಿಸ್ಕೋ.

ಪುಣೆದ ಟೇಕಡಿ ಮ್ಯಾಲ (ಗುಡ್ಡಕ್ಕ ಅಲ್ಲೆ ಹಂಗ ಅಂತಾರ) ನೀ ತಗದ ಫೋಟೋ ಎಲ್ಲಾ ನೋಡಿದೆ. ಕಕ್ಕಿ ಹೂವಿನ ಗೊಂಚಲು (ನೀನೂ ಈಗ ಬಹಾವಾ ಅನ್ನೂದ ರೂಢಿ ಮಾಡ್ಕೊಂಡೀದಿ, ಇರ್ಲಿ), ಕೆಂಪ ಗೋಣಿನ ಓತಿಕ್ಯಾತ, ಕಲ್ಲಿನ ಖಾಣಿಯೊಳಗ ಉಳದ ಒಂದಿಷ್ಟು ನೀರು, ಅಗದಿ ಛಲೋ ಬಂದಾವ. ಆದ್ರ ಅವುಗಳ ನಡುವ ಒಂದು ಸಾಲು ಬರದು ಸುಮ್ನ ಮುಂದ ಹೋಗಿಬಿಟ್ಟೀದಿ. ‘ಬೆವರು ನಿಂತಬಿಟ್ಟಿತ್ತು ಕಾಕಾ, ಬಿಸಿಲಾಗ ಚಳಿ ಹತ್ತಿಧಂಗ ಆತು, ಒಂದು ಗಿಡದ ಬುಡಕ ಕೂತೆ, ಇಲ್ಲೇ ಏನರ ಆದ್ರ ಯಾರಿಗೂ ಗೊತ್ತಾಗೂದಿಲ್ಲ ಅನ್ನಿಸ್ತು.’ ಅದಾದ ಕೂಡ್ಲೆ ಮತ್ತ ಲೆನ್ಸಿನ ಸುದ್ದಿ. ಲೆನ್ಸಿನ ಸುದ್ದಿ ನನ್ನ ತಲಿಯೊಳಗ ಒಂದೂ ಹೋಗಿಲ್ಲ.

ಇಲ್ಲೆ ಮುಂಬೈ ಬಾಜೂಕ ಡೊಂಬಿವಲಿಯೊಳಗ ಕೂತಲ್ಲೇ ಅಂಗಿ ತೊಯ್ತದ. ಗಾಳ್ಯಾಗ ನೀರಿನ ಅಂಶ ಭಾಳ, ಬೆವರು ಆರೂದಿಲ್ಲ, ಮೈ ತಂಪ ಆಗೂದಿಲ್ಲ, ಬೈಕೋತ ಬೈಕೋತ ನೀರು ಕುಡೀತಿರ್ತೀವಿ. ಪುಣೆದ್ದು ಹಂಗಲ್ಲ, ಒಣ ಬಿಸಿಲು, ಬೆವರು ಬಂದಂಗ ಬಂದಂಗ ಆರಿ ಹೋಗ್ತದ, ಮೈಯಾಗಿಂದ ಎಷ್ಟು ನೀರು ಹೋತು ಅಂತ ತಿಳಿಯೂದೇ ಇಲ್ಲ. ನಿಂದು ಆರಿದ್ದೋ ಖರೇನೇ ನಿಂತದ್ದೋ ನಾ ಇಲ್ಲೆ ಕೂತು ಹೆಂಗ ಹೇಳ್ಲಿ, ನಿಂತದ್ದಾದ್ರ ಅದು ಬಿಸಿಲು ಬಡದದ್ದು, ಅದರಾಗ ಚಳಿ ಬ್ಯಾರೆ ಬಂದದ ಅಂತಿ. ಮತ್ತ ನೀ ಕೂತದ್ದು ಯಾವ ಗಿಡದ ಬುಡಕ? ಆ ಟೇಕಡಿ ತುಂಬ ಹಚ್ಚಿದ್ದು ಗೊಬ್ಬರದ ಗಿಡ, ಗ್ಲಿರಿಸಿಡಿಯಾ, ನೆರಳು ಬೇಕಾದ ಹೊತ್ತಿಗೇ ಎಲಿ ಉದುರಿಸಿ ನಿಲ್ಲೋ ಜಾತಿ. ಇನ್ನ ಪೇಪರಿನ್ಯಾಗ 40 ಡಿಗ್ರಿ ಅಂತ ಓದಿ ಹೊಂಟಿದ್ರ, ಅದನ್ನ ಶಿವಾಜಿನಗರದ ಸಿಮ್ಲಾ ಆಫೀಸಿನ ಹವಾಮಾನದವರು ಅಳದದ್ದು ಬಿಳೀ ಡಬ್ಬಿಯೊಳಗ, ನೆರಳಾಗ, ನೆಲದಿಂದ ನಾಕು ಫೂಟು ಮ್ಯಾಲ. ನೀ ಓತಿಕ್ಯಾತನ ಫೋಟೋ ತಗೀಲಿಕ್ಕೆ ಹೊಟ್ಟಿ ಮ್ಯಾಲ ಮಲಗಿದ್ದು ಬಸಾಲ್ಟ್ ಕಲ್ಲಿನ ಮ್ಯಾಲ. ಅದರ ಬಿಸಿ ಯಾವ ಪೇಪರಿನ್ಯಾಗೂ ಬರೂದಿಲ್ಲ.

ನಾ ಇದನ್ನ ಬೈಲಿಕ್ಕೆ ಬರ್ಯಾಕತ್ತಿಲ್ಲ. ಬೈಯೋ ಯೋಗ್ಯತಾ ನನಗಿಲ್ಲ, ಅದನ್ನೇ ಹೇಳಬೇಕಾಗೇದ.

1984ರ ಮೇ ತಿಂಗಳು. ನನ್ನ ಹತ್ರ ಆಗ ಅಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ ಇತ್ತಲ್ಲ, ಒಂದು ರೋಲಿಗೆ ಹನ್ನೆರಡ ಫೋಟೋ, ನಿನ್ಹಂಗ ಒಂದು ಓತಿಕ್ಯಾತಗ ನಲವತ್ತು ಸಲ ಒತ್ತಲಿಕ್ಕೆ ಬರ್ತಿದ್ದಿಲ್ಲ. ಬೋರಿವಲಿ ಪಾರ್ಕಿನ್ಯಾಗ ಬ್ಯಾಸಗಿಗೆ ಎಲಿ ಎಲ್ಲಾ ಉದುರಿ ಬೆಳ್ಳಗ ನಿಲ್ಲೋ ಭೂತದ ಗಿಡ ಅದಾವ, ಅವನ್ನ ಮಟಮಟ ಮಧ್ಯಾಹ್ನದಾಗ ತಗದ್ರ ಕಪ್ಪು-ಬಿಳುಪಿನ್ಯಾಗ ಭಾರಿ ಬರ್ತಾವ ಅಂತ ನನಗ ಯಾರೋ ಹೇಳಿದ್ರು. ಐತವಾರ. ನಿನ್ನ ಕಾಕೂಗ ಆಫೀಸಿನ್ಯಾಗ ಕೆಲಸದ ಅಂತ ಹೇಳಿ ಹೊಂಟೆ. ದಾದರದಾಗ ಗಾಡಿ ಬದಲಿ ಮಾಡಿ, ಬೋರಿವಲಿಗೆ ಇಳದು, ಪಾರ್ಕಿನ ಗೇಟಿನಿಂದ ಕಾನ್ಹೇರಿ ಗುಹಾದ ತನಕ ಆರೇಳು ಕಿಲೋಮೀಟರ್ ನಡಕೋತ. ಎಂಟು ಫೋಟೋ ಆದ್ವು. ಗುಹಾದ ಮೆಟ್ಟಲಾ ಹತ್ತಬೇಕಾದ್ರ ಕಿವಿಯೊಳಗ ಗುಂಯ್ ಅಂತು, ಮುಂದಿಂದು ನೆನಪಿಲ್ಲ.

ಕಣ್ಣ ತಗದಾಗ ಕರವಂದಾ (ಕವಳಿ ಹಣ್ಣು) ಮಾರೋ ಒಬ್ಬಾಕಿ ನನ್ನ ಟಾವೆಲ್ ತೋಯಿಸಿ ಗೋಣಿಗೆ ಸುತ್ತಲಿಕ್ಹತ್ತಿದ್ಲು. ಆ ಗುಹಾದಾಗ ಕಲ್ಲಾಗ ಕೊರದ ನೀರಿನ ಟಾಕಿ ಅದಾವ, ಅಲ್ಲಿಂದ ತಂದಿದ್ಲು ಅಂತ ಕಾಣ್ತದ. ಅಕಿ ಹೆಸರು ಕೇಳ್ಲಿಲ್ಲ. ಎಂಟಾಣೆದು ಕರವಂದಾ ಸುದ್ಧಾ ಕೊಳ್ಳಲಿಲ್ಲ, ನಾಚಿಕಿ ಆಗಿ ಎದ್ದು ಬಂದಬಿಟ್ಟೆ. ನಲವತ್ತು ವರ್ಷದಾಗ ಎಷ್ಟು ಸಲ ಇದು ನೆನಪಾಗೇದ ಅಂತ ಲೆಕ್ಕಿಲ್ಲ. ಆದ್ರ ನಿನ್ನ ಸಾಲು ಓದಿದಾಗ ನೆನಪಾದದ್ದು ಅಕಿ ಅಲ್ಲ. ಆ ದಿನ ಅಕಿ ಆ ಕಡೆ ಬರದಿದ್ರ, ನಿನ್ನ ಕಾಕೂ ನನ್ನ ಹುಡುಕ್ಕೋತ ಆಫೀಸಿಗೆ ಹೋಗ್ತಿದ್ಲು ಪುಟ್ಟಿ.

ರೋಲ್ ತೊಳಿಸಿದಾಗ ಒಂಬತ್ತನೇ ಫೋಟೋದಾಗ ಸೊಟ್ಟಗ ಒಂದು ಕಲ್ಲಿನ ಮೆಟ್ಟಲಾ, ಮೂಲ್ಯಾಗ ನನ್ನ ಚಪ್ಪಲಿ. ಬೀಳಬೇಕಾದ್ರ ಬಟ್ಟು ಒತ್ತಿತ್ತು. ನಿನ್ನ ಕಾಕೂ ‘ಇದೇನ್ರಿ’ ಅಂದ್ಲು. ಕೈ ಜಾರಿತು ಅಂದೆ. ಮತ್ತೊಂದು ಮಾತು ಕೇಳ್ಲಿಲ್ಲ, ಉಳದ ಫೋಟೋ ಜೋಡಿ ಅದನ್ನೂ ಆಲ್ಬಮ್ಮಿನಾಗ ಹಚ್ಚಿದ್ಲು. ಹೋದ ವರ್ಷ ಆಲ್ಬಮ್ ತಗದಾಗ ನೋಡ್ತೀನಿ, ಎಲ್ಲಾ ಫೋಟೋದ ಕೆಳಗ ಊರು ತಾರೀಖು ಬರದಾಳ, ಅದರ ಕೆಳಗ ಮಾತ್ರ ಏನೂ ಇಲ್ಲ. ಅಕಿಗೆ ತಿಳದಿತ್ತೋ ಏನೋ. ಹೇಳಿದ್ರ ಮತ್ತ ಹೋಗ್ಲಿಕ್ಕೆ ಬಿಡೂದಿಲ್ಲ ಅಂತ ನಾ ಹೇಳ್ಲಿಲ್ಲ, ಆದ್ರ ಹೇಳದೆ ಇದ್ದದ್ದಕ್ಕ ನಾನಾಗೇ ಹೋಗೂದು ಬಿಟ್ಟೆ. ಕ್ಯಾಮೆರಾ ಮುಟ್ಟಿದ್ರ ಆ ಸುಳ್ಳೇ ಮುಂದ ಬಂದು ನಿಲ್ತಿತ್ತು.

ಹಿಂಗಾಗಿ ನಿನಗ ಟೇಕಡಿಗೆ ಹೋಗಬ್ಯಾಡ ಅಂತ ನನಗ ಅನ್ನಲಿಕ್ಕೆ ಬರೂದಿಲ್ಲ. ಹನ್ನೊಂದರಿಂದ ನಾಕರ ತನಕ ಆ ಬೋಳು ಮಾಳಕ್ಕ ಮಾತ್ರ ಹೋಗಬ್ಯಾಡ, ಆ ಹೊತ್ತಿನ್ಯಾಗ ಫೋಟೋನೂ ಛಲೋ ಬರೂದಿಲ್ಲಂತಲ್ಲ, ನೀನೇ ಹೇಳಿದ್ದಿ. ಬರೇ ನೀರು ಸಾಲೂದಿಲ್ಲ, ಒಂದು ಲೀಟರಿಗೆ ಆರು ಚಹಾ ಚಮಚಾ ಸಕ್ಕರಿ, ಅರ್ಧ ಚಮಚಾ ಉಪ್ಪು. ಇಲ್ಲಾ ಮಜ್ಜಿಗಿ. ನಿನಗಿದು ಗೊತ್ತಿರ್ತದ, ಮುದುಕರು ಹೇಳೂದು ಅಂತ ಬಿಡು. ನಿನ್ನ ಕ್ಯಾಮೆರಾ ಬಿಸಿ ಆದ್ರ ಸ್ಕ್ರೀನ್ ಮ್ಯಾಲ ತೋರ್ಸಿ ತಾನ ಬಂದ್ ಆಗ್ತದ ಅಂದಿದ್ದಿ, ನಿನಗ ಹಂಗೇನೂ ತೋರ್ಸೂದಿಲ್ಲ, ಆ ಚಳಿ ಹತ್ತೂದೇ ನಿನ್ನ ಸ್ಕ್ರೀನು. ಹಂಗಾದ ಕೂಡ್ಲೆ ಲೆನ್ಸ್ ಗಿನ್ಸ್ ಬಿಟ್ಟು ನೆರಳು ಹುಡುಕು, ಗೋಣಿಗೆ ತಲಿಗೆ ನೀರು ಸುರುವಿಕೋ, ಯಾರರ ಹೊಂಟಿದ್ರ ಕೂಗು. ನಾಚಿಕಿ ಬ್ಯಾಡ. 108 ಆಂಬುಲೆನ್ಸ್ ಅಂತೂ ಅದ.

‘ಯಾರಿಗೂ ಗೊತ್ತಾಗೂದಿಲ್ಲ’ ಅಂದಿಯಲ್ಲ, ಅದಕ್ಕ ಬ್ಯಾರೆ ಉಪಾಯ ನನಗ ಹೊಳೀವಲ್ತು. ಹತ್ತೋ ಮುಂದ ನನಗ ಒಂದು ಮೆಸೇಜ್ ಹಾಕು, ಇಳದ ಮ್ಯಾಲ ಒಂದು. ಬರೇ ‘ಹೊಂಟೆ’, ‘ಬಂದೆ’ ಅಂದ್ರ ಸಾಕು, ನಾ ನಸಿಕಿನ್ಯಾಗ ನಾಕಕ್ಕೇ ಎದ್ದು ಕೂತಿರ್ತೀನಿ. ಮಳಿ ಸುರು ಆಗೋ ಹೊತ್ತಿಗೆ ನವರಂಗ ಹಕ್ಕಿ ಬರ್ತದ ಅಂತಿದ್ದಿ, ಮಣಕಾಲು ಕೇಳಿದ್ರ ನಾನೂ ಕಲ್ಯಾಣದಾಗ ಗಾಡಿ ಹಿಡದು ಬರ್ತೀನಿ, ಮ್ಯಾಲ ಹತ್ತೂದಿಲ್ಲ, ಕೆಳಗ ಕಟ್ಟಿ ಮ್ಯಾಲ ಕೂತಿರ್ತೀನಿ.

‘ಅಪ್ಪಗ ಹೇಳಬ್ಯಾಡ್ರಿ ಕಾಕಾ’ ಅಂತ ಕೊನಿಗೆ ಬರದೀದಿ. ಇನ್ನೂ ಹೇಳಿಲ್ಲ. ಐತವಾರ ಫೋನ್ ಮಾಡ್ತಾನ, ಮಾಡಿದ್ರ ನಿನ್ನ ಸುದ್ದಿನೇ ಮೊದಲ ಕೇಳ್ತಾನ, ನನಗ ಈ ವಯಸ್ಸಿನಾಗ ಮತ್ತ ಕೈ ಜಾರಿತು ಅನ್ನಲಿಕ್ಕೆ ಆಗೂದಿಲ್ಲ. ಶನಿವಾರದೊಳಗ ನೀನ ಹೇಳಿಬಿಡು.

ನಿನ್ನ
ಕಾಕಾ